ವಿಠಲರ ಕೋಟು ಕಳಕ್ಕೂಟಕ್ಕೆ ಹೋದದ್ದು

ಶಂಕರಿ ವಿಠಲರನ್ನು ಕಾಣುವ ಮೊದಲು ಅವರ ಕೋಟನ್ನು ಕಂಡಳು.

ಪಾಲಾರಿವಟ್ಟದಲ್ಲಿ ಒಂದು ಪಾತ್ರೆ ಅಂಗಡಿಯ ಮೇಲಿನ ಹಾಲ್. ಯುಗಾದಿ ಕಳೆದ ಭಾನುವಾರ, ಕೊಚ್ಚಿಯ ಕನ್ನಡದವರೆಲ್ಲ ಸೇರಿ ಹಬ್ಬ ಮಾಡುವ ದಿನ. ಹಬ್ಬದ ದಿನವೇ ಹಬ್ಬ ಮಾಡಲು ಇಲ್ಲಿ ಯಾರಿಗೂ ರಜೆ ಇರುವುದಿಲ್ಲ. ಫ್ಯಾನುಗಳು ಇದ್ದ ಬಿಸಿಗಾಳಿಯನ್ನೇ ಈ ಮೂಲೆಯಿಂದ ಆ ಮೂಲೆಗೆ ಸಾಗಿಸುತ್ತಿದ್ದವು. ಹಾಸ್ಟೆಲಿನಿಂದ ನಡೆದು ಬಂದಿದ್ದ ಶಂಕರಿಗೆ ಅಲ್ಲಿ ಒಬ್ಬರೂ ಪರಿಚಯದವರಿಲ್ಲ. ಹೋಳಿಗೆ ಊಟ ಇದೆ ಎಂದು ಕೇಳಿ ಬಂದವಳು. ಎರಡನೆಯ ಸಾಲಿನ ತುದಿಯಲ್ಲಿ, ಫ್ಯಾನಿನ ನೇರ ಕೆಳಗೆ, ಒಂದೇ ಒಂದು ಕುರ್ಚಿ ಖಾಲಿ ಇತ್ತು. ಅದರ ಬೆನ್ನಿಗೆ ಯಾರೋ ಒಂದು ಕಪ್ಪು ಕೋಟು ತೊಡಿಸಿದ್ದರು. ಎರಡು ಗುಂಡಿಗಳಲ್ಲಿ ಮೇಲಿನದು ಕಪ್ಪು, ಕೆಳಗಿನದು ಕಂದು. ಶಂಕರಿ ಕೋಟನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಕೂರೋಣವೆಂದು ಕೈ ಹಾಕಿದಳು.

"ತಂಗಿ, ಅಲ್ಲಿ ಕೋಟು ಕುಂತೈತಿ."

ತಿರುಗಿ ನೋಡಿದರೆ ಐವತ್ತು ದಾಟಿದ ಗುಂಡಗಿನ ಮನುಷ್ಯ. ಬಿಳಿ ಅರ್ಧ ತೋಳಿನ ಅಂಗಿ, ಹಣೆಯ ತುಂಬ ಬೆವರು, ಕೈಯಲ್ಲಿ ಬೇವು-ಬೆಲ್ಲದ ತಟ್ಟೆ. ಮುಖದಲ್ಲಿ ನಗೆಯ ಸುಳಿವೇ ಇಲ್ಲ.

"ಕೋಟಿಗೆ ಎಂತಕ್ಕೆ ಸಾರ್ ಕುರ್ಚಿ?"

"ಮಡಚಿದ್ರ ಸುಕ್ಕ ಬೀಳ್ತೈತಿ. ಸುಕ್ಕ ಬಿದ್ದ ಕೋಟು ಹಾಕ್ಕೊಂಡ್ರ ನೌಕರಿ ಸಿಗೂದಿಲ್ಲ."

"ನಿಮ್ಗೆ ನೌಕರಿ ಇಲ್ವಾ?"

"ನನಗೈತಿ. ಇದು ಇಲ್ಲದವರ ಕೋಟು."

ಹಿಂದಿನ ಸಾಲಿನಿಂದ ಒಬ್ಬರು ಎದ್ದು ಬಂದು ಕೋಟನ್ನು ಕಿತ್ತು ತಮ್ಮ ತೋಳಿಗೆ ಹಾಕಿಕೊಂಡರು. "ಕುಂದರವಾ ನೀನು. ಕೋಟಿಗೆ ಬೆವರು ಬರೂದಿಲ್ಲ, ಮನುಷ್ಯಾರಿಗೆ ಬರ್ತೈತಿ." ಅವರು ವಿಠಲರ ಹೆಂಡತಿ ಕಮಲ. ಶಂಕರಿ ಕುಳಿತಳು. ವಿಠಲರು ಬೇವು-ಬೆಲ್ಲ ಕೊಟ್ಟರು. ಅವಳ ಪಾಲಿಗೆ ಬಂದದ್ದೆಲ್ಲ ಬೇವೇ.

ವಿಠಲರು ಗದಗಿನ ಕಡೆಯವರು. ಕೊಚ್ಚಿಯಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ನೌಕರರ ಗುರುತಿನ ಚೀಟಿ ಮಾಡಿಕೊಡುವ ವಿಭಾಗದಲ್ಲಿದ್ದರು. ಮುಖಗಳನ್ನು ಅಳತೆಗೆ ಸರಿಯಾಗಿ ಕತ್ತರಿಸಿ, ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹೊದಿಸುವುದು ಅವರ ಕೆಲಸ. ಈಗ ಅದನ್ನೆಲ್ಲ ಯಂತ್ರವೇ ಮಾಡುತ್ತದೆ. ಆದರೂ ಮೇಜಿನ ಮೇಲೆ ಅವರ ಕತ್ತರಿ ಇತ್ತು. ಯಾರ ಮುಖ ಕಂಡರೂ ಎರಡು ಕಿವಿಗಳೂ ಸಮನಾಗಿ ಕಾಣುತ್ತಿವೆಯೇ ಎಂದು ಅವರ ಕಣ್ಣು ಮೊದಲು ನೋಡುತ್ತಿತ್ತು.

ಕೋಟು ಅವರಿಗೆ ಮಾವ ಹುಬ್ಬಳ್ಳಿಯಲ್ಲಿ ಹೊಲಿಸಿ ಕೊಟ್ಟದ್ದು. ಅಳಿಯ ಕೇರಳಕ್ಕೆ ವರ್ಗವಾಗಿ ಹೋಗುತ್ತಾನೆ, ಪರ ಊರಿನಲ್ಲಿ ಮರ್ಯಾದೆ ಇರಲಿ ಎಂದು. ವಿಠಲರು ಮೊದಲ ದಿನ ಕಚೇರಿಗೆ ಹೋಗಲು ಅದನ್ನು ತೊಟ್ಟೇ ಕೊಚ್ಚಿಯ ಬಸ್ಸು ಹತ್ತಿದರು. ಹೈಕೋರ್ಟಿನ ಊರಿನಲ್ಲಿ ಕಪ್ಪು ಕೋಟು ತೊಟ್ಟವರು ಯಾರೆಂದು ಅವರಿಗೆ ಹೊಳೆದಿರಲಿಲ್ಲ. ಪಕ್ಕದಲ್ಲಿ ಕೂತ ಮುದುಕರೊಬ್ಬರು ಕಣ್ಣೀರು ತುಂಬಿ ಏನೋ ಹೇಳತೊಡಗಿದರು. ಮಲಯಾಳ ಬಾರದ ವಿಠಲರು ಮರ್ಯಾದೆಗೆ ತಲೆಯಾಡಿಸಿದರು. ಬಸ್ಸಿಳಿದು ನಡೆದರೆ ಮುದುಕರೂ ಜೊತೆಗೆ ನಡೆದು, ಕಚೇರಿಯ ಬಾಗಿಲವರೆಗೆ ಬಂದು, ಒಂದು ಮಡಚಿದ ಕಾಗದ ಕೈಗಿತ್ತರು. ಪಕ್ಕದ ಮನೆಯವನು ಬೇಲಿ ಒಳಗೆ ಸರಿಸಿದ ತಕರಾರು ಅದು ಎಂದು ಕಚೇರಿಯವರು ಓದಿ ಹೇಳಿದರು. ಅಂದು ಸಂಜೆ ಕೋಟು ಹ್ಯಾಂಗರ್ ಸೇರಿತು.

ಅದು ಮತ್ತೆ ಹೊರಗೆ ಬಂದದ್ದು ಸಹೋದ್ಯೋಗಿಯ ಮಗ ಅಜಿತನಿಂದ. ಕೆಲಸ ಹುಡುಕುತ್ತಿದ್ದ ಹುಡುಗ ಲಿಂಕ್ಡ್‌ಇನ್‌ನಲ್ಲಿ ಹಾಕಲು ಒಂದು ಫೋಟೊ ಬೇಕೆಂದ. ವಿಠಲರು ಕೋಟು ತೊಡಿಸಿ ಫೋಟೊ ತೆಗೆದರು. ಅಜಿತನಿಗೆ ಕೆಲಸವೂ ಸಿಕ್ಕಿತು. ಅವನು ಇಂಜಿನಿಯರಿಂಗಿನಲ್ಲಿ ಕಾಲೇಜಿಗೇ ಮೊದಲಿಗನಾಗಿದ್ದ ಎಂಬುದನ್ನು ವಿಠಲರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೆಲಸ ಕೊಡಿಸಿದ್ದು ಕೋಟು ಎಂದು ತೀರ್ಮಾನಿಸಿ, ಅಂದಿನಿಂದ ಎಲ್ಲಿ ನಾಲ್ಕು ಮಂದಿ ಕನ್ನಡದವರು ಸೇರಿದರೂ ಅದನ್ನು ಹೊತ್ತುಕೊಂಡು ಹೋಗುತ್ತಿದ್ದರು.

"ನಿಂದು ಫೋಟೊ ಹೆಂಗೈತಿ, ತೋರಿಸು," ಎಂದರು ಊಟದ ಸಾಲಿನಲ್ಲಿ.

ಶಂಕರಿ ಸಂಕೋಚದಿಂದ ಫೋನು ತೋರಿಸಿದಳು. ಅವಳ ಹೆಸರಿನ ಮೇಲಿನ ವೃತ್ತದಲ್ಲಿ ಒಂದು ಕೆಂಪು ದಾಸವಾಳವಿತ್ತು. ಕಾಸರಗೋಡಿನ ಕಡೆಯ ಪೈವಳಿಕೆಯ ಮನೆಯಂಗಳದ ಹೂವು. ಹುಡುಗಿಯರ ಫೋಟೊ ಫೋನಿನಲ್ಲಿ ಹಾಕಿದರೆ ಯಾರಾದರೂ ಏನಾದರೂ ಮಾಡಿಯಾರು ಎಂದು ಬೀಡಿ ಕಟ್ಟುತ್ತಲೇ ಅಮ್ಮ ಹೇಳಿದ ಮಾತಿಗೆ ಅವಳು ಕಂಡುಕೊಂಡ ದಾರಿ.

ವಿಠಲರು ದಾಸವಾಳವನ್ನು ಬಹಳ ಹೊತ್ತು ನೋಡಿದರು. "ಹೂವೇನೋ ಚಲೋ ಐತಿ. ಆದ್ರ ಇದಕ್ಕ ಪಗಾರ ಯಾರು ಕೊಡ್ತಾರವಾ?"

ಶಂಕರಿಗೆ ನಗು ಬಂತು. ಆಮೇಲೆ ನಗು ನಿಂತಿತು. ಮನೆಯಲ್ಲಿ ಡಿಗ್ರಿ ಮಾಡಿದವಳು ಅವಳೊಬ್ಬಳೇ. ಪಾಲಾರಿವಟ್ಟದ ಕಚೇರಿಯೊಂದರಲ್ಲಿ ಅವಳಿಗಿದ್ದ ತಾತ್ಕಾಲಿಕ ಕೆಲಸ ಮಳೆಗಾಲ ಹಿಡಿಯುವ ಹೊತ್ತಿಗೆ ಮುಗಿಯುವುದಿತ್ತು. ಸಾಫ್ಟ್‌ವೇರಿನ ತಪ್ಪು ಹುಡುಕುವ ಟೆಸ್ಟಿಂಗ್ ಕೆಲಸ ಕಲಿತಿದ್ದಳು. ತಿರುವನಂತಪುರದ ಪಕ್ಕ ಕಳಕ್ಕೂಟದಲ್ಲಿರುವ ಸಾಫ್ಟ್‌ವೇರ್ ಕಂಪೆನಿಗಳಿಗೆಲ್ಲ ಅರ್ಜಿ ಹಾಕಿದ್ದಳು. ಒಂದರಿಂದಲೂ ಉತ್ತರವಿಲ್ಲ. ಏನೂ ಆಗದಿದ್ದರೆ ಉಪ್ಪಳದಲ್ಲಿ ಮಾವನ ಫ್ಯಾನ್ಸಿ ಅಂಗಡಿ ಕಾಯುತ್ತಿತ್ತು. ಅಲ್ಲಿ ಗಿರಾಕಿಗಳ ಕೈಗೆ ಬಳೆ ಏರಿಸಬೇಕು. ಬಳೆಯ ಮೇಲೆ ಅವಳಿಗೇನೂ ಸಿಟ್ಟಿರಲಿಲ್ಲ. ಆದರೆ ಅದಕ್ಕೆ ಅಷ್ಟು ಓದಬೇಕಾಗಿರಲಿಲ್ಲ.

"ಫೋಟೊದಲ್ಲಿ ಎಂತ ಉಂಟು ಸಾರ್? ಕೆಲಸ ಗೊತ್ತಿದ್ರೆ ಸಾಕಲ್ವಾ?"

"ಮಾರಿ ಕಾಣದ ಗುರುತಿನ ಚೀಟಿ ಯಾವ ಗೇಟಿನ್ಯಾಗ ನಡೀತೈತಿ ಹೇಳು? ಬಾಗಿಲದಾಗ ನಿಂತಾಕಿ ಸೆರಗು ಮಾರಿ ಮ್ಯಾಲೆ ಹೊದ್ದು 'ಕೆಲಸ ಕೊಡ್ರಿ' ಅಂದ್ರ ಯಾರು ಒಳಗ ಕರೀತಾರ? ಬರೂ ಐತವಾರ ಮನಿಗೆ ಬಾ."

ಮರು ಭಾನುವಾರ ಶಂಕರಿ ಕಲೂರಿನ ಅವರ ಮನೆಗೆ ಹೋದಳು. ಸ್ಟೇಡಿಯಮ್ಮಿನ ಹಿಂದಿನ ಗಲ್ಲಿಯಲ್ಲಿ ಎರಡನೆಯ ಮಹಡಿ. ನೀಲಿ ಬಣ್ಣದ ಒಂದು ಗೋಡೆಯಿಂದ ಕ್ಯಾಲೆಂಡರ್ ತೆಗೆದಿಟ್ಟಿದ್ದರು, ಮೊಳೆ ಮಾತ್ರ ಉಳಿದಿತ್ತು. ಕೋಟು ವಿಠಲರ ಹೊಟ್ಟೆಯ ಅಳತೆಯದು. ಶಂಕರಿ ಅದರೊಳಗೆ ಇಳಿದಾಗ ಬೆರಳುಗಳೇ ಕಾಣೆಯಾದವು.

"ಚಿಂತಿ ಬ್ಯಾಡ," ಎಂದು ವಿಠಲರು ಬಟ್ಟೆ ಒಣಹಾಕುವ ಕ್ಲಿಪ್ಪುಗಳ ಡಬ್ಬಿ ತಂದರು. ಬೆನ್ನ ಹಿಂದೆ ಕೋಟನ್ನು ಮುದುರಿ ಮುದುರಿ ಕ್ಲಿಪ್ಪು ಹಾಕಿದರು. ಮುಂದಿನಿಂದ ನೋಡಿದರೆ ಬ್ಯಾಂಕ್ ಮ್ಯಾನೇಜರ್, ಹಿಂದಿನಿಂದ ನೋಡಿದರೆ ಹಗ್ಗದ ಮೇಲಿನ ಬಟ್ಟೆ. ಕೈಗೆ ಹಸಿರು ಟೊಪ್ಪಿಯ ಒಂದು ಪೆನ್ನು ಕೊಟ್ಟರು, ಈಗಷ್ಟೇ ಏನಕ್ಕೋ ಸಹಿ ಹಾಕಲು ಹೊರಟವಳಂತೆ ಹಿಡಿಯಬೇಕಂತೆ.

"ಗದ್ದ ಮ್ಯಾಲೆ. ಕಿವಿ ಎರಡೂ ಕಾಣ್ಲಿ. ನಗಬ್ಯಾಡ! ಹಲ್ಲು ಕಂಡ್ರ ಚೀಟಿ ರಿಜೆಕ್ಟ್."

"ಪಾಪ, ಉಸಿರರ ಆಡಬಹುದೇನು ಕೇಳು," ಎಂದರು ಅಡುಗೆಮನೆಯಿಂದ ಕಮಲ. "ನಮ್ಮ ಮದಿವ್ಯಾಗ ನನ್ನ ಫೋಟೊ ಮೂರು ಅದಾವ. ಈ ಕೋಟಿನವು ಮುನ್ನೂರು."

"ಆ ಗುಂಡಿ ಎಂತಕ್ಕೆ ಅಕ್ಕಾ ಕಂದು?"

"ಅಜಿತ ಮೂಲ ಗುಂಡಿ ಕಳಕೊಂಡು ಬಂದ. ನನ್ನ ಹಳೇ ಸ್ವೆಟರಿಂದು ಕಿತ್ತು ಹಚ್ಚೀನಿ. ಇರ್ಲಿ ಬಿಡು, ಯಾರು ನೋಡ್ತಾರ?"

ಫೋಟೊದಲ್ಲಿ ಶಂಕರಿ ಸಾಲ ತಿರಸ್ಕರಿಸಲು ಕೂತ ಅಧಿಕಾರಿಯಂತೆ ಕಾಣುತ್ತಿದ್ದಳು. ಆದರೂ ದಾಸವಾಳ ಹೋಗಿ ಮುಖ ಬಂದದ್ದೇ ತಡ, ಅವಳ ಪುಟದ ಕಡೆ ಜನ ತಿರುಗಿ ನೋಡತೊಡಗಿದರು. ಹಿಂದೆ ಬರೆದಾಗ ಸುಮ್ಮನಿದ್ದವರು ಈಗ ಉತ್ತರ ಕೊಟ್ಟರು. ಅವಳು ಬರೆದದ್ದರಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ. ಕಳಕ್ಕೂಟದ ಒಂದು ಕಂಪೆನಿ ಫೋನಿನಲ್ಲೇ ಸಂದರ್ಶನ ಮಾಡಿ, ಚೆನ್ನಾಗಿ ಉತ್ತರಿಸಿದಿರಿ ಎಂದೂ ಹೇಳಿತು. ವಿಠಲರು ಕೋಟಿಗೆ ಇಸ್ತ್ರಿ ಹಾಕಿಸಿದರು.

ಮೇ ತಿಂಗಳಲ್ಲಿ ಆ ಕಂಪೆನಿಯ ನೇಮಕಾತಿ ವಿಭಾಗದ ಅಲ್ವಿನ್ ಎಂಬವನು ಫೋನು ಮಾಡಿದ. ಶಂಕರಿಗೆ ಮಲಯಾಳ ಚೆನ್ನಾಗಿ ಬರುತ್ತಿತ್ತು. ಆದರೂ ಅವನು ಕೇಳಿದ ಪ್ರಶ್ನೆ ಯಾವ ಭಾಷೆಯಲ್ಲಿ ಕೇಳಿದರೂ ಅರ್ಥವಾಗುವಂಥದಲ್ಲ.

"ನಿಮ್ಮ ಕೋಟಿನ ಎರಡನೆಯ ಗುಂಡಿ ಯಾವ ಬಣ್ಣ?"

"ಕಂದು, ಸರ್."

"ಮೋಹನ ಎಂಬ ಅಭ್ಯರ್ಥಿಯದೂ ಕಂದು. ಸುಧನ್ವನದೂ ಕಂದು. ಪ್ರತೀಕ್ಷಾ ಎಂಬವರದೂ ಕಂದು. ಎಲ್ಲರ ಹಿಂದೆಯೂ ಅದೇ ನೀಲಿ ಗೋಡೆ, ಅದೇ ಮೊಳೆ. ಎಲ್ಲರ ಕೈಯಲ್ಲೂ ಹಸಿರು ಪೆನ್ನು. ನಿಜ ಹೇಳಿ, ಒಬ್ಬರೇ ನಾಲ್ಕು ತಲೆ ಬದಲಿಸಿ ಅರ್ಜಿ ಹಾಕುತ್ತಿದ್ದೀರಾ?"

ಹಿಂದೊಮ್ಮೆ ಆ ಕಂಪೆನಿಯಲ್ಲಿ ಸಂದರ್ಶನಕ್ಕೆ ಒಬ್ಬ ಕೂತು, ಕೆಲಸಕ್ಕೆ ಇನ್ನೊಬ್ಬ ಬಂದಿದ್ದನಂತೆ. ಹಾಗಾಗಿ ನಾಲ್ಕೂ ಅರ್ಜಿಗಳನ್ನು ತಡೆಹಿಡಿದಿದ್ದರು. "ಸೋಮವಾರ ಮೂಲ ಸರ್ಟಿಫಿಕೇಟುಗಳ ಜೊತೆ ನೀವೇ ಬನ್ನಿ. ನೀವು ನೀವೇ ಎಂದು ಖಾತ್ರಿಯಾಗದಿದ್ದರೆ ನಾಲ್ಕೂ ರದ್ದು."

ಶಂಕರಿ ಕಲೂರಿಗೆ ಹೋಗಿ ಅಳುವುದೊಂದೇ ಬಾಕಿ ಎಂಬಂತೆ ಹೇಳಿದಳು. ವಿಠಲರ ಮುಖ ಕೆಂಪಾಯಿತು. ಇಷ್ಟು ವರ್ಷ ಸಾವಿರಾರು ಜನರ ಗುರುತು ಖಾತ್ರಿ ಮಾಡಿದ ಕೈಯ ಮೇಲೆ ಇಂಥ ಮಾತು!

"ಎಲ್ಲರೂ ಒಂದೇ ಥರ ಇರೂದಕ್ಕ ಪ್ರೊಫೆಶನಲ್ ಅಂತಾರ! ಅಷ್ಟೂ ಗೊತ್ತಿಲ್ಲೇನು ಅವಗ? ತಡಿ, ಕೋಟನ್ನ ಸಾಕ್ಷಿಗೆ ಕರಕೊಂಡು ಹೋಗೂಣು."

"ಬೇಡ ಸಾರ್. ನಾನೊಬ್ಬಳೇ ಹೋಗ್ತೇನೆ."

"ಆರೋಪ ಬಂದಿದ್ದು ಕೋಟಿನ ಮ್ಯಾಲೆ. ಅದು ಬರ್ಲಿಕ್ಕೇ ಬೇಕು."

"ನಾನೂ ಬರ್ತೀನಿ," ಎಂದರು ಕಮಲ. "ಇವರ ಜೋಡಿ ನಿನ್ನೊಬ್ಬಾಕಿನ್ನ ಕಳಿಸಿದ್ರ ನಿನಗ ನೌಕರಿ ಹೋಗಿ ಶಿಕ್ಷಾನ ಆಗ್ತೈತಿ."

ಸೋಮವಾರ ಬೆಳಗಿನ ಟ್ರೈನಿನಲ್ಲಿ ಮೂವರೂ ಹೊರಟರು. ಕಮಲ ಮೊಸರನ್ನದ ಡಬ್ಬಿ ಹಿಡಿದಿದ್ದರು. ಕೋಟು ಕಿಟಕಿಯ ಕೊಕ್ಕೆಗೆ ತೂಗಿಕೊಂಡು ಎಲ್ಲರಿಗಿಂತ ಆರಾಮಾಗಿ ಪ್ರಯಾಣ ಮಾಡಿತು. ಪರಿಪ್ಪುವಡೆ ಮಾರುವವನು ಬಂದಾಗಲೆಲ್ಲ ವಿಠಲರು ಎದ್ದು ನಿಂತು ಎಣ್ಣೆ ಸಿಡಿಯದಂತೆ ಅದಕ್ಕೆ ಅಡ್ಡವಾಗುತ್ತಿದ್ದರು. ಕೊಲ್ಲಂ ದಾಟಿದ ಮೇಲೆ ಎದುರಿನ ಸೀಟಿನವರು ಕೋಟನ್ನು ನೋಡಿ, "ವಕ್ಕೀಲಾಣೋ?" ಎಂದರು, ವಕೀಲರೋ ಎಂದು. ವಿಠಲರು ಅಲ್ಲ ಎನ್ನುವಷ್ಟರಲ್ಲಿ ಅವರು ಶುರು ಮಾಡಿಯಾಗಿತ್ತು. ಈ ಸಲ ವಿಠಲರಿಗೆ ಪ್ರತಿಯೊಂದು ಮಾತೂ ಅರ್ಥವಾಯಿತು. ಈ ಸಲವೂ ಬೇಲಿಯದೇ ತಕರಾರು.

ಕಳಕ್ಕೂಟದ ಸ್ಟೇಷನ್ನಿನಲ್ಲಿ ಇಳಿದು ಆಟೋ ಹಿಡಿದು ಕಂಪೆನಿಯ ಕಟ್ಟಡ ತಲುಪಿದಾಗ ವಿಠಲರು ಕೋಟು ತೊಟ್ಟರು. ಬೆವರು ಗಲ್ಲದಿಂದ ಕಾಲರಿಗೆ ಇಳಿಯತೊಡಗಿತು. ಬಾಗಿಲಲ್ಲಿ ಒಂದು ಯಂತ್ರ ನಿಂತಿತ್ತು. ಬಂದವರು ಪರದೆಯ ಮೇಲೆ ಹೆಸರು ಬರೆದು, ಕ್ಯಾಮೆರಾದತ್ತ ನೋಡಿದರೆ, ಫೋಟೊ ಇರುವ ಪಾಸು ಹೊರಗೆ ಬರುತ್ತದೆ. ವಿಠಲರು ಮೊದಲು ನಿಂತರು. ಪರದೆಯಲ್ಲಿ ಮೂಡಿದ ತಮ್ಮ ಫೋಟೊ ನೋಡಿ, "ಎಡಗಿವಿ ಕಾಣವಲ್ದು," ಎಂದು ಹಿಂದಕ್ಕೆ ಹೋಗುವ ಗುಂಡಿ ಒತ್ತಿದರು. ಮತ್ತೆ ತೆಗೆದರು. ಗದ್ದ ಸರಿಯಿಲ್ಲ ಎಂದು ಮತ್ತೆ ಹಿಂದಕ್ಕೆ. ಕಡೆಗೂ ಪಾಸು ಬಂತು.

ಆಮೇಲೆ ಕಮಲ ನಿಂತರು. ಹೊರಗೆ ಬಂದ ಪಾಸಿನಲ್ಲಿ ಹೆಸರು ಕಮಲ, ಫೋಟೊ ಕೋಟು ತೊಟ್ಟ ವಿಠಲರದು.

"ಏ, ಇಷ್ಟು ವರ್ಷ ನಿಮ್ಮ ಅಡ್ಡಹೆಸರು ಹಚ್ಚಿಕೊಂಡಿದ್ದು ಸಾಲಲಿಲ್ಲಂತ ಈಗ ನಿಮ್ಮ ಮೀಸಿನೂ ಅಂಟಿಸಿದ್ರೇನು ನನಗ?"

ಶಂಕರಿ ಗಾಬರಿಯಿಂದ ತಾನೇ ಹೆಸರು ಬರೆದು, ಕ್ಯಾಮೆರಾವನ್ನು ಕಣ್ಣು ಮಿಟುಕಿಸದೆ ನೋಡಿದಳು. ಅವಳ ಪಾಸೂ ಬಂತು. ಶಂಕರಿ, ಪೈವಳಿಕೆ. ಮೇಲೆ ವಿಠಲರ ಮೀಸೆ, ಕಪ್ಪು ಕೋಟು, ಕಂದು ಗುಂಡಿ.

ಬಾಗಿಲು ಕಾಯುವ ಚೇಟ್ಟ, ಮಲಯಾಳದ ಅಣ್ಣ, ಪಾಸುಗಳ ಕಡೆ ನೋಡಲೂ ಇಲ್ಲ. "ಸಾರಮಿಲ್ಲ ಮೋಳೆ, ಪೊಯ್ಕೋ," ಎಂದ. ಪರವಾಗಿಲ್ಲ ಮಗಳೇ, ಹೋಗು ಎಂದು. ಶಂಕರಿಗೆ ಅಲ್ಲೇ ನೆಲ ಬಾಯಿಬಿಟ್ಟರೆ ಸಾಕು ಎನಿಸಿತು. ತಾನು ತಾನೇ ಎಂದು ಖಾತ್ರಿಪಡಿಸಲು ಕೊಚ್ಚಿಯಿಂದ ಬಂದಿದ್ದಾಳೆ. ಕೊರಳಲ್ಲಿ ವಿಠಲರ ಮುಖ ತೂಗುತ್ತಿದೆ!

ಲಿಫ್ಟಿನಿಂದ ಅಲ್ವಿನ್ ಇಳಿದು ಬಂದ. ತೆಳ್ಳಗಿನ ಹುಡುಗ, ಶಂಕರಿಗಿಂತ ಒಂದೆರಡು ವರ್ಷ ದೊಡ್ಡವನಿರಬಹುದು. ಮೊದಲು ಕೋಟನ್ನು ನೋಡಿದ. ಆಮೇಲೆ ಒಂದು ಪಾಸು, ಇನ್ನೊಂದು ಪಾಸು, ಮತ್ತೊಂದು ಪಾಸು ನೋಡಿದ. "ಓಹೋ," ಎಂದ. "ಇವತ್ತು ಮೂವರಾಗಿ ಬಂದಿದ್ದೀರಿ."

ವಿಠಲರು ತಮ್ಮ ಗದಗಿನ ಮಲಯಾಳದಲ್ಲಿ, "ಕೋಟು ಒನ್ನು, ಆಳು ವೇರೆ ವೇರೆ!" ಕೋಟು ಒಂದೇ, ಜನ ಬೇರೆ ಬೇರೆ ಎಂದು ಗರ್ಜಿಸಿ, ಜೇಬಿನಿಂದ ಕ್ಲಿಪ್ಪುಗಳನ್ನು ತೆಗೆದು ಸಾಕ್ಷ್ಯ ಹೇಳಲು ಮುಂದಾದರು.

"ಸಾರ್, ಒಂದು ನಿಮಿಷ," ಎಂದಳು ಶಂಕರಿ. ಅವಳು ಯಂತ್ರವನ್ನೇ ನೋಡುತ್ತಿದ್ದಳು. ಅಳು ಬರುವ ಹೊತ್ತಿನಲ್ಲೂ ತಪ್ಪು ಕಂಡರೆ ಅದರ ಬಾಲ ಹಿಡಿಯದೆ ಬಿಡದ ಗುಣ ಅವಳದು. ಅದನ್ನೇ ಅವಳು ಕೆಲಸವಾಗಿ ಕಲಿತದ್ದು. "ಅಲ್ವಿನ್ ಸರ್, ಈ ಯಂತ್ರದ ಸಾಫ್ಟ್‌ವೇರ್ ಯಾರು ಮಾಡಿದ್ದು?"

"ನಾವೇ. ಯಾಕೆ?"

"ಅದು ನನ್ನ ಫೋಟೊ ತೆಗೆಯಲೇ ಇಲ್ಲ. ಇವರು ಎರಡು ಸಲ ಹಿಂದಕ್ಕೆ ಹೋದರು. ಹಾಗೆ ಹೋದಾಗ ಹಳೆಯ ಫೋಟೊ ಅಳಿಸುತ್ತಿಲ್ಲ. ಆಮೇಲೆ ಯಾರು ನಿಂತರೂ ಅದನ್ನೇ ಅಂಟಿಸುತ್ತದೆ. ತೋರಿಸುತ್ತೇನೆ."

ಕಾವಲಿನವನ ಕೈಯಲ್ಲಿ ಯಂತ್ರವನ್ನು ಒಮ್ಮೆ ಆಫ್ ಮಾಡಿಸಿ ಆನ್ ಮಾಡಿಸಿದಳು. ಅಲ್ವಿನ್‌ನನ್ನು ನಿಲ್ಲಿಸಿದಳು. ಸರಿಯಾದ ಪಾಸು. ಮತ್ತೆ ಅವನನ್ನೇ ನಿಲ್ಲಿಸಿ, ನಡುವೆ ಒಮ್ಮೆ ಹಿಂದಕ್ಕೆ ಹೋಗಿ, ಆಮೇಲೆ ತಾನು ನಿಂತಳು. ಈಗಲೂ ಇಬ್ಬರದೂ ಸರಿ. ಮೂರನೆಯ ಸಲ ಅಲ್ವಿನ್‌ನನ್ನು ನಿಲ್ಲಿಸಿ, ಎರಡು ಸಲ ಹಿಂದಕ್ಕೆ ಹೋಗಿ, ಅವನ ಪಾಸು ತೆಗೆದು, ಕಾವಲಿನ ಚೇಟ್ಟನನ್ನು ನಿಲ್ಲಿಸಿದಳು. ಹೊರಗೆ ಬಂದದ್ದು ಚೇಟ್ಟನ ಹೆಸರಿನಲ್ಲಿ ಅಲ್ವಿನ್‌ನ ಮುಖ.

"ಅಯ್ಯೋ, ಎನ್ನೆ ಕೊನ್ನು!" ಎಂದ ಚೇಟ್ಟ, ನನ್ನನ್ನು ಕೊಂದರಲ್ಲ ಎಂದು.

ಅಲ್ವಿನ್ ನಗಲಿಲ್ಲ. ಫೋನು ತೆಗೆದು ಮೇಲಿನಿಂದ ಇನ್ನಿಬ್ಬರನ್ನು ಕರೆಸಿದ. ಗೇಟಿನಲ್ಲಿ ಆಗಾಗ ತಪ್ಪು ಫೋಟೊ ಬರುತ್ತದೆಂಬ ದೂರು ಬಹಳ ದಿನದಿಂದ ಇತ್ತು. ಯಾವಾಗ ಬರುತ್ತದೆ, ಯಾಕೆ ಬರುತ್ತದೆ ಎಂದು ಯಾರಿಗೂ ಹಿಡಿತಕ್ಕೆ ಸಿಕ್ಕಿರಲಿಲ್ಲ. ಕಿವಿ ಸಮನಾಗಿ ಕಾಣುವವರೆಗೆ ಮತ್ತೆ ಮತ್ತೆ ಹಿಂದಕ್ಕೆ ಹೋಗುವ ಮನುಷ್ಯ ಪರೀಕ್ಷೆಗೆ ಸಿಕ್ಕಿರಲಿಲ್ಲ, ಅಷ್ಟೇ. ಶಂಕರಿ ಅವರಿಬ್ಬರಿಗೂ ಮತ್ತೊಮ್ಮೆ ಮಾಡಿ ತೋರಿಸಿದಳು. ಅವರು ಅವಳನ್ನು ಮೇಲೆ ಕರೆದುಕೊಂಡು ಹೋದರು.

ವಿಠಲರೂ ಕಮಲರೂ ಸೋಫಾದ ಮೇಲೆ ಕಾದರು. ಮೊಸರನ್ನ ಬಿಚ್ಚಿದರು, ಚೇಟ್ಟನಿಗೂ ಕೊಟ್ಟರು. ಶಂಕರಿ ಕೆಳಗೆ ಬಂದಾಗ ಡಬ್ಬಿ ಖಾಲಿ.

"ಏನಂದ್ರವಾ?"

"ಸರ್ಟಿಫಿಕೇಟೆಲ್ಲ ನೋಡಿದ್ರು. ಮುಂದಿನ ತಿಂಗಳು ಸೇರ್ಲಿಕ್ಕೆ ಹೇಳಿದ್ರು," ಎಂದವಳು ಕಮಲರ ಹೆಗಲಿಗೆ ಮುಖ ಒತ್ತಿ ಅತ್ತೇಬಿಟ್ಟಳು. "ಮತ್ತೆ ಆ ಮೂವರದ್ದೂ ತಡೆ ತೆಗೀತಾರಂತೆ. ಆದ್ರೆ ಎಲ್ಲರೂ ಮೊದಲು ಫೋಟೊ ಬದಲಿಸ್ಬೇಕಂತೆ."

"ಬದಲಿಸೂಣು. ಬ್ಯಾರೆ ಪೆನ್ನು ತರ್ತೀನಿ," ಎಂದರು ವಿಠಲರು.

"ಕೋಟೇ ಇರ್ಬಾರ್ದಂತೆ ಸಾರ್."

ವಿಠಲರು ಕೋಟು ಬಿಚ್ಚಿ ಸೋಫಾದ ಬೆನ್ನಿಗೆ ತೊಡಿಸಿದರು. ಆ ಹೊತ್ತಿಗೆ ಸರಿಯಾಗಿ ಅಲ್ವಿನ್ ಬಂದು, ಈ ಕೋಟು ಎಲ್ಲರಿಗೂ ಹೇಗೆ ಅಳತೆಯಾಗುತ್ತದೆ ಎಂದು ಕೇಳಿಬಿಟ್ಟ. ಕೇಳಬಾರದಿತ್ತು. ವಿಠಲರು ಅವನಿಗೆ ಕೋಟು ತೊಡಿಸಿ, ಬೆನ್ನಿಗೆ ಸಾಲಾಗಿ ಕ್ಲಿಪ್ಪು ಹಾಕಿ, ಪೆನ್ನು ಕೊಟ್ಟು, ಕಿಟಕಿಯ ಪಕ್ಕ ನಿಲ್ಲಿಸಿದರು. ನೇಮಕಾತಿ ವಿಭಾಗದವನೇ ಆದರೂ ಅವನ ಪುಟದಲ್ಲಿ ಮೂರು ವರ್ಷದಿಂದ ಇದ್ದದ್ದು ಅವನ ಬೈಕಿನ ಫೋಟೊ.

ಮುಂದೆ ಗಂಭೀರವಾಗಿ ಗದ್ದ ಎತ್ತಿ, ಹಿಂದೆ ಕ್ಲಿಪ್ಪು ತೂಗಿಸಿಕೊಂಡು ನಿಂತ ಅಲ್ವಿನ್‌ನನ್ನು ನೋಡಿ ಶಂಕರಿ ನಕ್ಕಳು. ಅತ್ತ ಕಣ್ಣಿನಲ್ಲೇ ನಕ್ಕಳು. ತನ್ನದೇ ಹತ್ತಿ ಚೂಡಿದಾರ, ಮುಖದ ಮೇಲೆ ಕಿಟಕಿಯ ಬೆಳಕು.

"ಇದರಾಗ ತಗೀರಿ ಅಕೀದು," ಎಂದರು ಕಮಲ.

"ಹಲ್ಲು ಕಾಣ್ತಾವು!"

"ಹಲ್ಲದಾವು, ಕಾಣ್ತಾವು. ಕೊಡ್ರಿಲ್ಲಿ ಫೋನು."

ಕಮಲ ಒಂದೇ ಒಂದು ತೆಗೆದರು. ಅದೇ ಫೋಟೊ ಈಗಲೂ ಶಂಕರಿಯ ಹೆಸರಿನ ಮೇಲಿದೆ. ಅಮ್ಮನಿಗೆ ಕಳಿಸಿದಾಗ, ಬೀಡಿ ಎಲೆ ಕತ್ತರಿಸುವುದು ಬಿಟ್ಟು ಅದನ್ನು ಪಕ್ಕದ ಮನೆಗೂ ತೋರಿಸಿ ಬಂದರಂತೆ. ಮೋಹನ, ಸುಧನ್ವ, ಪ್ರತೀಕ್ಷಾ ಮೂವರೂ ಕಮಲರಿಂದಲೇ ಬೇರೆ ಫೋಟೊ ತೆಗೆಸಿಕೊಂಡರು. ಆ ಕೋಟಿನಲ್ಲಿ ಇನ್ನೂ ಉಳಿದಿರುವವನು ಅಲ್ವಿನ್ ಒಬ್ಬನೇ. ಅವನಿಗೆ ಅದು ಬಹಳ ಒಪ್ಪುತ್ತದೆಂದು ಅವನ ಅಮ್ಮ ಹೇಳಿದರಂತೆ.

ಶಂಕರಿ ಕಳಕ್ಕೂಟದ ಹಾಸ್ಟೆಲಿನಲ್ಲಿದ್ದಾಳೆ. ವಿಠಲರು ಕಲೂರಿನ ಮನೆಯಲ್ಲೇ ಇದ್ದಾರೆ, ಕಚೇರಿಗೆ ಹೋಗಿ ಬರುತ್ತಾರೆ. ಭಾನುವಾರ ಬೆಳಿಗ್ಗೆ ಕೆಲಸ ಹುಡುಕುವ ಹುಡುಗ ಹುಡುಗಿಯರು ತಮ್ಮ ತಮ್ಮ ಅಂಗಿ ತೊಟ್ಟು ಬರುತ್ತಾರೆ. ಕಮಲ ಫೋಟೊ ತೆಗೆಯುತ್ತಾರೆ, ವಿಠಲರು ಬೆಳಕು ಬರಲೆಂದು ಕಿಟಕಿಯ ಪರದೆ ಎತ್ತಿ ಹಿಡಿದು ನಿಂತಿರುತ್ತಾರೆ.